ಮೊದಲ ಆಫರ್‌ಗೆ ಒಪ್ಪಬೇಡಿ ಮಾವ

ನೋಟಿಸು ಬಂದದ್ದು ನಮ್ಮ ತಾತನ ಹೆಸರಿಗೆ. ತಮ್ಮ ಜಮೀನಿನ ಅಡಿಯಲ್ಲಿ ನೈಸರ್ಗಿಕ ಅನಿಲದ ಕೊಳವೆ ಹಾಕಲು ಉದ್ದೇಶಿಸಲಾಗಿದೆ, ತಮ್ಮ ಆಕ್ಷೇಪಣೆ ಏನಾದರೂ ಇದ್ದಲ್ಲಿ 21 ದಿನಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು ಅಂತ ಅದರಲ್ಲಿತ್ತು. ತಾತ ತೀರಿಹೋದದ್ದು 1987ರಲ್ಲಿ. ಬದುಕಿದ್ದಾಗಲೂ ಅವರು ಆಕ್ಷೇಪಣೆಯನ್ನು ಲಿಖಿತವಾಗಿ ಸಲ್ಲಿಸಿದವರಲ್ಲ. ಬಾಯಲ್ಲೇ ಸಲ್ಲಿಸುತ್ತಿದ್ದರು, ಎದುರಿಗಿದ್ದವರಿಗೆ ಅಷ್ಟೇ ಸಾಕಾಗುತ್ತಿತ್ತು.

ಪಹಣಿಯಲ್ಲಿ ಇನ್ನೂ ಅವರ ಹೆಸರೇ ಇದೆ. ಪೌತಿ ಖಾತೆ ಮಾಡಿಸಬೇಕು ಅಂತ ಅಪ್ಪ ಇಪ್ಪತ್ತು ವರ್ಷ ಅಂದುಕೊಂಡರು. ಆಮೇಲೆ ಅವರೂ ಹೋದರು. ಈಗ ಅಂದುಕೊಳ್ಳುವ ಸರದಿ ನನ್ನದು.

ನಮ್ಮದು ತುಮಕೂರು ಜಿಲ್ಲೆಯ ತೆಂಗಿನ ಸೀಮೆ. ನೋಟಿಸಿಗಿಂತ ಮೊದಲೇ ಸರ್ವೆಯವರು ಬಂದು, ತೋಟದ ಮಧ್ಯೆ 20 ಮೀಟರ್ ಅಗಲಕ್ಕೆ ಸುಣ್ಣ ಉದುರಿಸಿ, ಅದರೊಳಗೆ ಸಿಕ್ಕ 17 ಮರಗಳಿಗೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋಗಿದ್ದರು. 7ನೇ ನಂಬರು ಕೆಂದೆಂಗು. ಅದರ ಎಳನೀರಿಗೆ ಊರಲ್ಲೇ ಹೆಸರು. ಬ್ರಷ್ ಹಿಡಿದ ಹುಡುಗನಿಗೆ ಬಾಯಾರಿಕೆ ಅಂತ ನಾನೇ ಅದರದ್ದೊಂದು ಕೆತ್ತಿಕೊಟ್ಟೆ. ಎಡಗೈಯಲ್ಲಿ ಬುರುಡೆ ಹಿಡಿದು ಕುಡಿಯುತ್ತಲೇ ಬಲಗೈಯಲ್ಲಿ 7 ಅಂತ ಬರೆದ. 'ಸಕತ್ತಾಗಿದೆ ಯಜಮಾನ್ರೇ, ಮರ ಚೆನ್ನಾಗಿ ನೋಡ್ಕೊಳ್ಳಿ' ಅಂದ.

ಭಾನುವಾರ ಅಕ್ಕನ ಮಗನ ಫೋನು. ಅವನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಪಿಟ್ಸ್‌ಬರ್ಗ್ ಹತ್ತಿರ. ಅಕ್ಕ ಹೋಗಿ ಆರು ವರ್ಷವಾಯಿತು. ಅವನು ಮಾತ್ರ ವಾರ ತಪ್ಪಿಸದೆ ಮಾತಾಡುತ್ತಾನೆ. ಗ್ಯಾಸ್ ಅಂದ ತಕ್ಷಣ ಹುಡುಗ ಎದ್ದು ಕೂತ.

'ಮಾವ, ನಮ್ಮ ಕೌಂಟಿ, ಅಂದ್ರೆ ಜಿಲ್ಲೆ, ಪೂರ್ತಿ ಗ್ಯಾಸೇ! ಈ ಸೀಮೆಯಲ್ಲಿ ಕಲ್ಲಿನ ಪದರ ಒಡೆದು ಗ್ಯಾಸ್ ತೆಗೆಯೋದು 2004ರಲ್ಲಿ ಇಲ್ಲೇ ಶುರುವಾಗಿದ್ದು. ನಿಮಗೆ ಹೇಳಿರ್ತೀನಿ, ಮೊದಲ ಆಫರ್‌ಗೆ ಯಾವ ಕಾರಣಕ್ಕೂ ಒಪ್ಪಬೇಡಿ.'

ಅವನು ಒಂದು ಗಂಟೆ ಹೇಳಿದ್ದು ಕೇಳಿ ನನಗೆ ಬೇರೆ ಲೋಕದ ಪುರಾಣ ಕೇಳಿದ ಹಾಗಾಯಿತು. ಅಲ್ಲಿ ನೆಲದ ಕೆಳಗಿರುವುದೂ ನೆಲದ ಯಜಮಾನನದ್ದೇ ಅಂತೆ, ಹಿಂದೆ ಯಾರೂ ಅದನ್ನು ಬೇರೆಯಾಗಿ ಮಾರಿಕೊಂಡಿರದಿದ್ದರೆ. ಕಂಪನಿ ಕಡೆಯವನೊಬ್ಬ ಮನೆಗೆ ಬಂದು, ಅಡುಗೆಮನೆ ಮೇಜಿನ ಮುಂದೆ ಕೂತು, ಕಾಫಿ ಕುಡಿದು, ಹಸು ಕರುವಿನ ಯೋಗಕ್ಷೇಮ ಕೇಳಿ, ಆಮೇಲೆ ಮೆಲ್ಲಗೆ ಗುತ್ತಿಗೆ ಪತ್ರ ಮುಂದಿಡುತ್ತಾನಂತೆ. ಸಹಿ ಹಾಕಿದರೆ ಎಕರೆಗೆ ಇಷ್ಟು ಅಂತ ಬೋನಸ್ಸು. ಗ್ಯಾಸ್ ಬಂದರೆ ರಾಯಲ್ಟಿ, ಎಂಟನೇ ಒಂದು ಪಾಲಿಗೆ ಕಮ್ಮಿ ಕೊಡುವಂತಿಲ್ಲ ಅಂತ 1979ರಲ್ಲೇ ಕಾನೂನು. ಅವಸರದಲ್ಲಿ ಮೊದಲೇ ಸಹಿ ಹಾಕಿದವರಿಗೆ ಎಕರೆಗೆ 25 ಡಾಲರ್ ಸಿಕ್ಕಿದ್ದೂ ಉಂಟು. ತಡೆದು ಕೂತವರಿಗೆ 2008ರ ಹೊತ್ತಿಗೆ 2000 ದಾಟಿತ್ತು.

'ಎಲ್ಲಕ್ಕಿಂತ ಮುಖ್ಯ ಪಗ್ ಕ್ಲಾಜ್ ಮಾವ. ಅದನ್ನ ಹಾಕಿಸ್ಲೇಬೇಕು.'

'ಪಗ್ಗಾ? ಮೊಬೈಲ್ ಜಾಹೀರಾತಲ್ಲಿ ಬರ್ತಿತ್ತಲ್ಲ, ಆ ನಾಯಿನಾ?'

ನಾಯಿ ಅಲ್ಲವಂತೆ. 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷವೇ, ಲೂಸಿಯಾನದ ವಕೀಲರೊಬ್ಬರು ರೈತರ ಪರವಾಗಿ ಬರೆದ ಷರತ್ತು, ಅವರ ಹೆಸರೇ ಅದಕ್ಕೆ ಉಳಿದುಕೊಂಡಿದೆ. ಹೊಲದ ಮೂಲೆಯಲ್ಲಿ ಒಂದು ಬಾವಿ ಕೊರೆದು ಇಡೀ ಹೊಲವನ್ನೇ ಗುತ್ತಿಗೆಯಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಅದನ್ನು ತಡೆಯುವುದಕ್ಕೆ. ಬಸ್ಸಿನ ಕಿಟಕಿಯಿಂದ ಒಂದೇ ಟವೆಲ್ ಎಸೆದು ಮೂರು ಸೀಟು ಹಿಡಿಯುವವರನ್ನು ನಾನೂ ನೋಡಿದ್ದೇನೆ. ತಕ್ಷಣ ಅರ್ಥವಾಯಿತು.

ಇನ್ನೊಂದು ಮಾತಿಗೆ ಮಾತ್ರ ನಾನು ಫೋನು ಕಿವಿಯಿಂದ ತೆಗೆದು ನೋಡಿದೆ. ಪೆನ್ಸಿಲ್ವೇನಿಯಾದಲ್ಲಿ ಗ್ಯಾಸ್ ಖನಿಜವೇ ಅಲ್ಲವಂತೆ! ಜಮೀನು ಮಾರುವಾಗ 'ಖನಿಜ ನನ್ನದೇ' ಅಂತ ಪತ್ರದಲ್ಲಿ ಬರೆಸಿಕೊಂಡರೆ ಎಣ್ಣೆ, ಗ್ಯಾಸು ಅದರಲ್ಲಿ ಸೇರುವುದಿಲ್ಲ. ಸಾಮಾನ್ಯ ಜನ ಖನಿಜ ಅಂದರೆ ಲೋಹ ಅಂದುಕೊಳ್ಳುತ್ತಾರೆ, ಎಣ್ಣೆ ಅಂದುಕೊಳ್ಳುವುದಿಲ್ಲ ಅಂತ 1882ರಲ್ಲಿ ಅಲ್ಲಿನ ಕೋರ್ಟು ಹೇಳಿತು. ಆಮೇಲೆ ಗ್ಯಾಸನ್ನೂ ಅದೇ ಸಾಲಿಗೆ ಸೇರಿಸಿದರು. 2013ರಲ್ಲಿ ಮತ್ತೆ ಕೇಳಿದಾಗಲೂ ಅದೇ ಉತ್ತರ. ನಮ್ಮ ಗ್ರಾಮ ಲೆಕ್ಕಿಗರಿಗೆ ಇದನ್ನು ಹೇಳಿದೆ. 'ನೋಡಿ, ಎಷ್ಟು ಚೆನ್ನಾಗಿ ಬರೀತಾರೆ ಅಲ್ಲಿ' ಅಂತ ಹೊಟ್ಟೆಕಿಚ್ಚು ಪಟ್ಟರು.

ನಮ್ಮ ಲೆಕ್ಕ ಬೇರೆ. ಇಲ್ಲಿ ಎಣ್ಣೆ, ಗ್ಯಾಸಿಗೆ ಗುತ್ತಿಗೆ ಕೊಡುವುದು ಸರ್ಕಾರ. ಅಸ್ಸಾಂ, ತ್ರಿಪುರ, ಗುಜರಾತ್, ಗೋದಾವರಿ ಸೀಮೆ, ಎಲ್ಲೇ ಹೊಲದಲ್ಲಿ ಗ್ಯಾಸ್ ಸಿಕ್ಕರೂ ರಾಯಲ್ಟಿ ಹೋಗುವುದು ಸರ್ಕಾರಕ್ಕೆ. ಹೊಲದವನಿಗೆ ಮೇಲಿನ ಮಣ್ಣಿನ ಪರಿಹಾರ. ನಮ್ಮ ತೋಟದ ಕೆಳಗಂತೂ ಗ್ಯಾಸೂ ಇಲ್ಲ. ನಾವು ಬರೀ ದಾರಿ. ದಾಭೋಲ್‌ನಿಂದ ಬೆಂಗಳೂರಿಗೆ ಹೆಚ್ಚುಕಡಿಮೆ 1000 ಕಿಲೋಮೀಟರ್ ಪೈಪು 2013ರಲ್ಲಿ ಬಂತು. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್, 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಗ್ಯಾಸ್ ಬೇಡ ಅಂತ ನಾನೇನೂ ಹೇಳುತ್ತಿಲ್ಲ. ಅದಕ್ಕೂ ದಾರಿ ಬೇಕಲ್ಲ. ಎಲ್ಲಾ ದಾರಿಯೂ ಯಾರದೋ ತೋಟದ ಮಧ್ಯೆಯೇ ಹೋಗುತ್ತದೆ, ಈ ಸಲ ನನ್ನದು, ಅಷ್ಟೇ.

ಅಷ್ಟಾದರೂ ಅಳಿಯನ ಮಾತು ತಲೆಯಲ್ಲಿ ಕೂತುಬಿಟ್ಟಿತ್ತು. ಮಗಳ ಹಳೇ ನೋಟ್‌ಬುಕ್ಕಿನ ಹಾಳೆಯಲ್ಲಿ 15 ಷರತ್ತು ಬರೆದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ವಿಚಾರಣೆಗೆ ಹೋದೆ.

ಅಧಿಕಾರಿ ಒಳ್ಳೆಯವರು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕುರ್ಚಿ ಕೊಟ್ಟರು, ಹಾಳೆ ತೆಗೆದುಕೊಂಡು ಕನ್ನಡಕ ಹಾಕಿಕೊಂಡರು.

'ಬೋನಸ್ಸು ಅಂತ ಬರೆದಿದ್ದೀರಿ. ದೀಪಾವಳಿದಾ?'

'ಅಲ್ಲ ಸಾರ್, ಸಹಿ ಹಾಕೋದಕ್ಕೆ.'

'ಸಹಿ ಹಾಕದಿದ್ರೂ ಪೈಪು ಹೋಗುತ್ತೆ ಯಜಮಾನ್ರೇ. ಹಾಕೋದಕ್ಕೆ ಯಾಕೆ ದುಡ್ಡು?' ಅಂದರು. ಅವರ ಮಾತಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

'ರಾಯಲ್ಟಿ... ನೀವೇನು ಮರಳು ಸಾಗಿಸ್ತಿದ್ದೀರಾ?'

ನಮ್ಮ ಕಡೆ ರಾಯಲ್ಟಿ ಅಂದರೆ ಲಾರಿಯವರು ಕಟ್ಟುವುದು, ಇಲ್ಲವೇ ಕಟ್ಟದೆ ಸಿಕ್ಕಿಹಾಕಿಕೊಳ್ಳುವುದು. ರೈತನಿಗೆ ಬರುವ ರಾಯಲ್ಟಿ ಅವರ ಸರ್ವಿಸ್ಸಿನಲ್ಲೇ ಕಂಡಿರಲಿಲ್ಲ. ಪಗ್ ಹತ್ತಿರ ಬಂದಾಗ ಒಂದು ಕ್ಷಣ ನಿಂತರು, ನನ್ನ ಮುಖ ನೋಡಿದರು, ಏನೂ ಕೇಳದೆ ಮುಂದೆ ಹೋದರು.

'ಎಷ್ಟು ವರ್ಷಕ್ಕೆ ಸಾರ್ ಈ ಒಪ್ಪಂದ?' ಅಂತ ನಾನೇ ಕೇಳಿದೆ. ಅಳಿಯನ ಊರಲ್ಲಿ ಸಾಮಾನ್ಯವಾಗಿ ಐದು ವರ್ಷ, ಅಷ್ಟರೊಳಗೆ ಕೊರೆಯದಿದ್ದರೆ ಗುತ್ತಿಗೆ ಬಿದ್ದುಹೋಗುತ್ತದೆ.

'ವರ್ಷ ಅಂದ್ರೆ?' ಅಂದರು.

ಆಮೇಲೆ ಅವರೇ ಸಮಾಧಾನವಾಗಿ ಬಿಡಿಸಿ ಹೇಳಿದರು. 1962ರ ಕಾನೂನು. ಸರ್ಕಾರ ಜಮೀನು ತೆಗೆದುಕೊಳ್ಳುವುದಿಲ್ಲ, ಜಮೀನು ನಿಮ್ಮದೇ. ಬರೀ ಬಳಸುವ ಹಕ್ಕು ತೆಗೆದುಕೊಳ್ಳುತ್ತದೆ. ಆ 20 ಮೀಟರಿನಲ್ಲಿ ಮನೆ ಕಟ್ಟುವಂತಿಲ್ಲ, ಜಮೀನು ನಿಮ್ಮದೇ. ಬಾವಿ, ತೊಟ್ಟಿ, ಕೆರೆ ತೋಡುವಂತಿಲ್ಲ, ಜಮೀನು ನಿಮ್ಮದೇ. ಮರ ನೆಡುವಂತಿಲ್ಲ. ರಾಗಿ, ಹುರುಳಿ ಹಾಕಿಕೊಳ್ಳಿ. ಕಂದಾಯ ಕಟ್ಟುತ್ತಾ ಇರಿ, ಯಾಕಂದರೆ ಜಮೀನು ನಿಮ್ಮದೇ.

ಪರಿಹಾರ, ಕಡಿದ ಮರಕ್ಕೆ, ಹಾಳಾದ ಬೆಳೆಗೆ ಬೇರೆ. ಹಕ್ಕಿಗೆ ಜಮೀನಿನ ಮಾರುಕಟ್ಟೆ ಬೆಲೆಯ ಶೇಕಡಾ 10. ಒಂದೇ ಸಲ.

ಶೇಕಡಾ 10ರ ಬಗ್ಗೆ ಜಗಳ ಮಾಡೋಣ ಅಂತ ಬಾಯಿ ತೆರೆದೆ. ಅದು ಕಾನೂನಿನಲ್ಲೇ ಅಚ್ಚಾಗಿದೆಯಂತೆ, ಅವರ ಕೈಯಲ್ಲೇ ಇಲ್ಲ. ಸರಿ, ಮಾರುಕಟ್ಟೆ ಬೆಲೆಯ ಬಗ್ಗೆಯಾದರೂ ಆಗಲಿ ಅಂತ, ನಮ್ಮಲ್ಲಿ ಎಕರೆಗೆ ಎಷ್ಟು ನಡೆಯುತ್ತಿದೆ ಅಂತ ಜೋರಾಗಿ ಹೇಳಿದೆ. ಅವರು ಮಾತಾಡದೆ ಒಂದು ಫೈಲು ನನ್ನ ಕಡೆ ತಿರುಗಿಸಿದರು. ನಾಲ್ಕು ವರ್ಷದ ಹಿಂದೆ ಪಕ್ಕದ ತೋಟದವರಿಂದ ಅರ್ಧ ಎಕರೆ ನಾನೇ ಕೊಂಡ ಕ್ರಯಪತ್ರದ ನಕಲು! ಮುದ್ರಾಂಕ ಶುಲ್ಕ ಉಳಿಸೋಣ ಅಂತ ಮಾರ್ಗಸೂಚಿ ದರಕ್ಕೇ ಬರೆಸಿದ್ದೆ. ಅವತ್ತು ಸಬ್‌ ರಿಜಿಸ್ಟ್ರಾರ್ ಕಚೇರಿಯ ಮುಂದೆ ಟೀ ಕುಡಿದು, ಸರ್ಕಾರಕ್ಕೆ ಹೇಗೆ ಟೋಪಿ ಹಾಕಿದೆ ಅಂತ ಹೆಂಡತಿಗೆ ಫೋನಲ್ಲಿ ಹೇಳಿದ್ದೂ ನೆನಪಾಯಿತು.

'ಇದು ನಿಮ್ಮದೇ ಸಹಿ ಅಲ್ವಾ?' ಅಂದರು.

ಟೋಪಿ ಇಷ್ಟು ವರ್ಷ ಕಾದು ನನ್ನ ಅಳತೆಗೇ ಸರಿಯಾಗಿ ವಾಪಸ್ ಬಂದಿತ್ತು.

15ರಲ್ಲಿ ಒಂದು ಷರತ್ತನ್ನು ಮಾತ್ರ ಒಪ್ಪಿದರು. ಗೌರಿ ಹಬ್ಬ ಮುಗಿಯುವ ತನಕ ಅಗೆಯುವುದಿಲ್ಲ ಅಂತ. ಅದನ್ನೂ ಬಾಯಿಮಾತಲ್ಲಿ. ಬರೆದುಕೊಡಿ ಅಂತ ಕೇಳಲು ಮನಸ್ಸಾಗಲಿಲ್ಲ. ಇಷ್ಟು ಹೊತ್ತು ಕುರ್ಚಿ ಕೊಟ್ಟಿದ್ದಾರೆ ಪಾಪ.

ಮುಂದಿನ ಭಾನುವಾರ ಅಳಿಯನಿಗೆ ಎಲ್ಲಾ ಒಪ್ಪಿಸಿದೆ. ಮರುಗುತ್ತಾನೆ ಅಂದುಕೊಂಡಿದ್ದೆ. ಆದರೆ ಅವನ ದನಿಯೂ ಯಾಕೋ ಇಳಿದಿತ್ತು. ಪಕ್ಕದ ಹಸು ಸಾಕುವ ಮುದುಕಪ್ಪ, ಊರಿಗೇ ಚೌಕಾಸಿ ಕಲಿಸಿದ ಘಾಟಿ, ರಾಯಲ್ಟಿ ಚೀಟಿ ಹಿಡಿದು ಇವನ ಮನೆಗೆ ಬಂದಿದ್ದನಂತೆ. ಕಂಪ್ಯೂಟರ್ ಬರುತ್ತಲ್ಲ, ಸ್ವಲ್ಪ ಓದಿ ಹೇಳು ಅಂತ. ಅವನು ವೀಡಿಯೊ ಕಾಲಿನಲ್ಲಿ ಆ ಚೀಟಿಯ ಫೋಟೊ ತೋರಿಸಿದ. ಗ್ಯಾಸನ್ನು ಒಂದೆಡೆ ಸೇರಿಸಿದ ಖರ್ಚು, ಒತ್ತಿದ ಖರ್ಚು, ನೀರಿನ ಅಂಶ ತೆಗೆದ ಖರ್ಚು, ಸಾಗಿಸಿದ ಖರ್ಚು. ಎಲ್ಲಾ ಕಳೆದು ಉಳಿದದ್ದರಲ್ಲಿ ಎಂಟನೇ ಒಂದು ಪಾಲು. ಹಾಗೆ ಕಳೆಯಬಹುದು ಅಂತ 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿದೆ. ಎಂಟನೇ ಒಂದು ಅಂತ ಕಾನೂನಿದೆ, ಯಾವುದರಲ್ಲಿ ಎಂಟನೇ ಒಂದು ಅಂತ ಕಾನೂನು ಬಾಯಿ ಬಿಟ್ಟಿರಲಿಲ್ಲ.

ಚೀಟಿ ನೋಡಿದ್ದೇ ನನಗೆ ನಗು ತಡೆಯಲಿಲ್ಲ. ಇಂಗ್ಲಿಷ್ ಓದದೆಯೂ ಅದು ನನಗೆ ಗೊತ್ತು. ಕೊಬ್ಬರಿ ಹಾಕಿದಾಗ ಮಂಡಿಯಲ್ಲಿ ಕೊಡುವ ಚೀಟಿ! ಹಮಾಲಿ, ತೂಕದ ಕೂಲಿ, ಚೀಲದ ವಜಾ, ಕಮಿಷನ್ನು. ಕೊನೆಯ ಸಾಲು ಮಾತ್ರ ಯಾವಾಗಲೂ ಮಸುಕು. ಬೆಳಗಿನ ಜಾವ ಎದ್ದು ಗಾಡಿ ತುಂಬಿಸಿ ತಿಪಟೂರಿಗೆ ಹೋಗಿ, ಮಧ್ಯಾಹ್ನ ಆ ಮಸುಕು ಸಾಲನ್ನು ಬಿಸಿಲಿಗೆ ಹಿಡಿದು ಓದುವ ಸುಖ ಆ ಮುದುಕಪ್ಪನಿಗೂ ಸಿಕ್ಕಿತಲ್ಲ ಅಂತ ಹತ್ತಿರದ ನೆಂಟನ ಹಾಗೆ ಕಂಡ.

'ಇದೇನು ಮಹಾ ಮಾವ' ಅಂತ ಅಳಿಯ ಇನ್ನೊಂದು ಹೇಳಿದ. 2014ರ ಫೆಬ್ರವರಿಯಲ್ಲಿ ಅವನ ಪಕ್ಕದ ಕೌಂಟಿಯ ಬಾಬ್‌ಟೌನ್ ಅನ್ನುವ ಊರಿನ ಹತ್ತಿರ ಶೆವ್ರಾನ್ ಕಂಪನಿಯ ಗ್ಯಾಸ್ ಬಾವಿ ಸ್ಫೋಟಿಸಿ ಒಬ್ಬ ಕೆಲಸಗಾರ ಸತ್ತ. ಬೆಂಕಿ ದಿನಗಟ್ಟಲೆ ಉರಿಯಿತು. ಆಮೇಲೆ ಕಂಪನಿ ಸುತ್ತಲಿನ ಸುಮಾರು ನೂರು ಮನೆಗೆ ಪತ್ರ ಬರೆದು, ಜೊತೆಗೆ ಕೂಪನ್ನು ಇಟ್ಟಿತು. ಒಂದು ದೊಡ್ಡ ಪಿಜ್ಜಾ, ಎರಡು ಲೀಟರ್ ತಂಪು ಪಾನೀಯ. ಉಚಿತ.

ನನ್ನ ಹೆಂಡತಿ ಪಕ್ಕದಲ್ಲೇ ಹೂವು ಕಟ್ಟುತ್ತಾ ಕೇಳಿಸಿಕೊಳ್ಳುತ್ತಿದ್ದಳು. 'ರೀ, ನಿಮ್ಮ 15ರಲ್ಲಿ ಊಟದ ಮಾತು ಬರೆದಿದ್ರಾ?' ಅಂದಳು. ಇರಲಿಲ್ಲ.

ಗೌರಿ ಹಬ್ಬಕ್ಕೆ ಮೂರು ದಿನ ಇರುವಾಗಲೇ ಜೆಸಿಬಿ ಬಂತು. ಡ್ರೈವರಿಗೆ ಯಾರೂ ಹಬ್ಬದ ವಿಷಯ ಹೇಳಿರಲಿಲ್ಲ. 7ನೇ ನಂಬರಿನ ಮರ ಬೀಳುವಾಗ ಗೊನೆ ಸಮೇತ ಬಿತ್ತು. ಎಳನೀರು ಒಡೆದು ಸುಣ್ಣದ ಗೆರೆ ಒದ್ದೆಯಾಯಿತು. ಉಳಿದ ಬುರುಡೆಗಳನ್ನು ಜೆಸಿಬಿಯವರಿಗೇ ಕೆತ್ತಿಕೊಟ್ಟೆ. ಇನ್ನೇನು ಮಾಡುವುದು? ಬಿಸಿಲಿತ್ತು.

ಪರಿಹಾರದ ಆದೇಶವೂ ಬಂತು, ತಾತನ ಹೆಸರಿಗೆ. ತಾತ ಖುದ್ದಾಗಿ ಬಂದು ತೆಗೆದುಕೊಳ್ಳಬೇಕು, ಇಲ್ಲವೇ ವಾರಸುದಾರರೆಲ್ಲ ಒಪ್ಪಿಗೆ ಕೊಡಬೇಕು. ವಂಶವೃಕ್ಷ ಮಾಡಿಸಿದೆ. ತೋಟದಲ್ಲಿ ಹೋದದ್ದು 17 ಮರ, ಈ ಒಂದು ವೃಕ್ಷದಲ್ಲೇ 14 ಕೊಂಬೆ. ಎಲ್ಲರ ಸಹಿ ಬೇಕು. ಶಿವಮೊಗ್ಗದ ಅತ್ತೆ ಎರಡು ಸೀರೆಗೆ ಒಪ್ಪಿದರು. ಚಿಕ್ಕಪ್ಪನ ಮಕ್ಕಳು ಮೂವರು, ಹಳೇ ಪಂಪ್‌ಸೆಟ್ಟಿನ ಲೆಕ್ಕ ಮೊದಲು ಬಗೆಹರಿಯಲಿ ಅಂದರು, ಬಗೆಹರಿಸಿದೆ. ದೊಡ್ಡಪ್ಪನ ಮಗ ಸಹಿ ಹಾಕಿದ, ಆದರೆ ಇವತ್ತಿಗೂ ನನ್ನ ಜೊತೆ ಮಾತಾಡುತ್ತಿಲ್ಲ. ಸರ್ಕಾರದ ಜೊತೆ ಕಾಲು ಗಂಟೆಯಲ್ಲಿ ಮುಗಿದ ಮಾತುಕತೆ ಮನೆಯವರ ಜೊತೆ ಹನ್ನೊಂದು ತಿಂಗಳು ನಡೆಯಿತು. ಬೋನಸ್ಸು, ಷರತ್ತು, ಗಡುವು, ಅಳಿಯ ಹೇಳಿದ್ದೆಲ್ಲ ಇಲ್ಲಿ ಬಂತು.

13 ಸಹಿ ಆಗಿವೆ. ಉಳಿದದ್ದು ಅಕ್ಕನ ಪಾಲಿನ ಸಹಿ, ಅಂದರೆ ಅಳಿಯನದ್ದು. ಅವನು ನ್ಯೂಯಾರ್ಕಿನ ಭಾರತೀಯ ಕಾನ್ಸುಲೇಟಿನಿಂದ ದೃಢೀಕರಿಸಿ ಅಧಿಕಾರ ಪತ್ರ ಕಳಿಸಿದರೆ ಆಯಿತು. ಕಾಗದವನ್ನೆಲ್ಲ ವಾಟ್ಸಾಪಿನಲ್ಲಿ ಕಳಿಸಿ, ಭಾನುವಾರಕ್ಕೂ ಕಾಯದೆ ನಾನೇ ಫೋನು ಮಾಡಿದೆ.

'ನೋಡ್ದೆ ಮಾವ' ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದ. 'ಬೇಜಾರು ಮಾಡ್ಕೋಬೇಡಿ. ಇಲ್ಲಿ ನಮ್ಮ ಲಾಯರ್ ಒಬ್ರಿದ್ದಾರೆ, ಒಂದ್ಸಲ ಅವರಿಗೆ ತೋರಿಸ್ತೀನಿ. ಮೊದಲ ಆಫರ್‌ಗೇ ಸಹಿ ಹಾಕಬಾರದು ಅಲ್ವಾ?'