ಕೂಲಿ ಏರಿದರೆ ಸೋಮಾರಿತನ ಬರುತ್ತದೆಯೇ?

"ಕೂಲಿ ಜಾಸ್ತಿ ಮಾಡಿದಷ್ಟೂ ಜನ ಕೆಲಸಕ್ಕೆ ಬರುವುದು ಕಡಿಮೆ" ಎಂದು ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ನಮ್ಮದು ಮಲೆನಾಡಿನ ಅಡಿಕೆ ಬೆಳೆಯುವ ಮನೆ. ಕೊಯ್ಲಿನ ಕಾಲದಲ್ಲಿ ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ಹನ್ನೊಂದರವರೆಗೂ ಅಡಿಕೆ ಸುಲಿಯುತ್ತಾರೆ. ಸುಲಿದಷ್ಟಕ್ಕೆ ದುಡ್ಡು. ರೇಟು ಏರಿದ ವರ್ಷ ಒಬ್ಬ ಅಕ್ಕ ಒಂಬತ್ತಕ್ಕೇ ಎದ್ದು ಹೊರಡತೊಡಗಿದರು. "ಬೇಕಾದಷ್ಟು ಆಯ್ತು, ಬೆನ್ನು ನೋಯುತ್ತೆ" ಅಂದರು. ಅದೇ ವರ್ಷ, ಮೊದಲು ಬರದೇ ಇದ್ದ ಇನ್ನೊಬ್ಬರು ದಿನಾ ಬಂದರು. "ಇಷ್ಟು ಸಿಗುತ್ತೆ ಅಂದ್ರೆ ಸುಮ್ನೆ ಮನೇಲಿ ಯಾಕೆ ಕೂರಲಿ" ಅಂತ. ಅರ್ಥಶಾಸ್ತ್ರದಲ್ಲಿ ಮೊದಲನೆಯದು ಆದಾಯ ಪರಿಣಾಮ, ಎರಡನೆಯದು ಬದಲಿ ಪರಿಣಾಮ. ಯಾವುದರ ಕೈ ಮೇಲಾಗುತ್ತದೆ ಅನ್ನೋದು ಮನೆಯಿಂದ ಮನೆಗೆ ಬೇರೆ.

ನೀವು ಕೊಟ್ಟ ನ್ಯೂಯಾರ್ಕ್ ಟ್ಯಾಕ್ಸಿ ಉದಾಹರಣೆಯೂ ಅರ್ಧ ಕಥೆ. ಚಾಲಕರು ದಿನದ ಗುರಿ ಮುಟ್ಟಿದ ಮೇಲೆ ಬೇಗ ಮನೆಗೆ ಹೋಗುತ್ತಾರೆ ಎಂದು 1997ರ ಅಧ್ಯಯನ ಹೇಳಿತ್ತು ನಿಜ. ಆದರೆ ಅರ್ಥಶಾಸ್ತ್ರಜ್ಞ ಹೆನ್ರಿ ಫಾರ್ಬರ್ 2009ರಿಂದ 2013ರವರೆಗಿನ ಟ್ರಿಪ್ ದಾಖಲೆ ನೋಡಿದಾಗ, ಗಳಿಕೆ ಚೆನ್ನಾಗಿದ್ದಾಗ ಚಾಲಕರು ಸಾಮಾನ್ಯವಾಗಿ ಜಾಸ್ತಿಯೇ ದುಡಿಯುತ್ತಿದ್ದರು.

ಇನ್ನೊಂದು ಮಾತು. ಒಂಬತ್ತಕ್ಕೆ ಹೊರಟ ಆ ಅಕ್ಕ ಮನೆಗೆ ಹೋಗಿ ಕಾಲು ಚಾಚಿ ಕೂರುತ್ತಿದ್ದರು ಅಂದುಕೊಂಡಿರಾ? ಅತ್ತೆಗೆ ಮಾತ್ರೆ ಕೊಟ್ಟು, ಬೆಳಗಿನ ದೋಸೆಗೆ ಹಿಟ್ಟು ರುಬ್ಬಿಟ್ಟು ಮಲಗುತ್ತಿದ್ದರು. ಕೂಲಿ ಸಿಗದ ಹೊತ್ತು ಅನ್ನೋ ಕಾರಣಕ್ಕೆ ಇದನ್ನು ಬಿಡುವು ಅಂತ ಕರೆಯೋದೇ ತಪ್ಪು ಅಲ್ವಾ? ಮುಂದಿನ ಲೇಖನದಲ್ಲಿ ಈ ದುಡಿಮೆಯನ್ನೂ ದಯವಿಟ್ಟು ಲೆಕ್ಕಕ್ಕೆ ತಗೊಳ್ಳಿ.