ಐವಿಎಫ್ ಮಾಡಿಸುವವರಿಗೆ ಅಕ್ಯುಪಂಕ್ಚರ್ ಬೇಕೇ?

ಪರ: ಕ್ರಮ ಬಲ್ಲವರ ಕೈಯಲ್ಲಿ ಸೂಜಿಯಿಂದ ಉಪಯೋಗವಿದೆ

ಮುಂಬಯಿಯಲ್ಲಿ, ಮೊಟ್ಟೆ ವೀರ್ಯ ಸೇರಿಸಿ ಲ್ಯಾಬಿನಲ್ಲಿ ಭ್ರೂಣ ಬೆಳೆಸುವ ಚಿಕಿತ್ಸೆಯಾದ ಐವಿಎಫ್‌ಗೆ ಕೂತ ಹೆಣ್ಣುಮಗಳ ದಿನಚರಿ ನೋಡಿ. ಮುಟ್ಟಿನ ಎರಡನೇ ದಿನದಿಂದ ಹೊಟ್ಟೆಗೆ ದಿನವೂ ಹಾರ್ಮೋನ್ ಇಂಜೆಕ್ಷನ್, ಎರಡು ಮೂರು ದಿನಕ್ಕೊಂದು ಸೋನೋಗ್ರಫಿ. ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್ ಹಿಡಿದು ದಾದರಿನಲ್ಲಿ ಇಳಿಯಬೇಕು, ಸ್ಕ್ಯಾನ್ ಮುಗಿಸಿ ಆಫೀಸಿಗೆ ಓಡಬೇಕು. ಹೀಗೆ ಹತ್ತು ಹನ್ನೆರಡು ದಿನ ಕಳೆದ ಮೇಲೆ ಮೊಟ್ಟೆ ತೆಗೆಯುತ್ತಾರೆ, ಮೂರನೇ ಅಥವಾ ಐದನೇ ದಿನಕ್ಕೆ ಭ್ರೂಣ ಇಡುತ್ತಾರೆ. ಅಲ್ಲಿಂದ, ಗರ್ಭ ನಿಂತಿದೆಯೇ ಎಂದು ತಿಳಿಸುವ ಬೀಟಾ ಎಚ್‌ಸಿಜಿ ರಿಪೋರ್ಟ್ ಕೈಗೆ ಬರುವ ತನಕ ಸುಮಾರು ಎರಡು ವಾರ ಕಾಯುವುದೇ ಕೆಲಸ. ಆ ಎರಡು ವಾರದಲ್ಲೇ ಊರಿನಿಂದ ಅತ್ತೆಯ ಫೋನು: "ಏನಾದ್ರೂ ವಿಶೇಷ ಉಂಟಾ?"

ಮೈಯ ನಿರ್ದಿಷ್ಟ ಬಿಂದುಗಳಿಗೆ ತೆಳು ಸೂಜಿ ಚುಚ್ಚುವ ಚೀನೀ ಚಿಕಿತ್ಸೆ ಅಕ್ಯುಪಂಕ್ಚರ್ ಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ಈ ಹೆಣ್ಣಿನ ಕಡೆಯಿಂದ ಕೇಳಬೇಕು. ಅವಳ ಔಷಧಿ ಚೀಟಿಯಲ್ಲಿ ನಿದ್ದೆಗೆಟ್ಟ ರಾತ್ರಿಗಾಗಲೀ ಎದೆಯ ದಿಗಿಲಿಗಾಗಲೀ ಒಂದು ಸಾಲೂ ಇರುವುದಿಲ್ಲ. ಅಮೆರಿಕದಲ್ಲಿ 150 ಮಹಿಳೆಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಭ್ರೂಣ ಇಡುವ ಮುಂಚೆ ಮತ್ತು ನಂತರ ಸೂಜಿ ಹಾಕಿಸಿಕೊಂಡವರ ಆತಂಕ ಕಡಿಮೆಯಾಗಿತ್ತು, ಭರವಸೆ ಹೆಚ್ಚಿತ್ತು. ಗರ್ಭ ನಿಲ್ಲುವ ಪ್ರಮಾಣ ಮಾತ್ರ ಏರಲಿಲ್ಲ. ನಾವು ಅದನ್ನು ಮುಚ್ಚಿಡುವುದಿಲ್ಲ. ಆದರೆ ಮೊದಲ ಸೈಕಲ್ ಫೇಲಾದ ಮೇಲೆ ಎರಡನೆಯದಕ್ಕೆ ಧೈರ್ಯ ಸಾಲದೆ ಚಿಕಿತ್ಸೆಯನ್ನೇ ಬಿಟ್ಟುಬಿಡುವವರಿದ್ದಾರೆ. ನೆಮ್ಮದಿಗೆ ಅಲ್ಲಿ ಬೆಲೆಯಿದೆ.

ಇನ್ನು ಸೂಜಿಯ ವಿಷಯ. ಇಂದಿಗೂ ಹೆಚ್ಚಿನವರು ಹಿಡಿಯುವ ಕ್ರಮ ಜರ್ಮನಿಯ ವೈದ್ಯರು 2002ರಲ್ಲಿ ಪ್ರಕಟಿಸಿದ್ದು. 0.25 ಮಿಲಿಮೀಟರ್ ದಪ್ಪ, 25 ಮಿಲಿಮೀಟರ್ ಉದ್ದದ, ಒಂದೇ ಸಲ ಬಳಸಿ ಎಸೆಯುವ ಸ್ಟೀಲ್ ಸೂಜಿ. ಭ್ರೂಣ ಇಡುವ ಮೊದಲು 25 ನಿಮಿಷ, ಇಟ್ಟ ಮೇಲೆ 25 ನಿಮಿಷ. ಮೊದಲ ಸುತ್ತಿಗೆ ನೆತ್ತಿಯ ಬೈಹುಯಿ, ಮಣಿಕಟ್ಟಿನ ಒಳಬದಿಯ ನೈಗ್ವಾನ್, ಪಾದದ ತೈಚೋಂಗ್ ಮುಂತಾದ ಬಿಂದುಗಳು. ನೈಗ್ವಾನ್ ಹುಡುಕುವುದು ಸುಲಭ: ಮಣಿಕಟ್ಟಿನ ಗೆರೆಯಿಂದ ರೋಗಿಯದೇ ಹೆಬ್ಬೆರಳಿನ ಎರಡು ಅಗಲದಷ್ಟು ಮೇಲಕ್ಕೆ, ಎರಡು ಸ್ನಾಯುರಜ್ಜುಗಳ ನಡುವೆ. ಎರಡನೇ ಸುತ್ತಿಗೆ ಮಂಡಿಯ ಕೆಳಗಿನ ಜುಸಾನ್ಲಿ, ಒಳಗಣಕಾಲಿನಿಂದ ನಾಲ್ಕು ಬೆರಳು ಮೇಲಿನ ಸಾನ್‌ಯಿನ್‌ಜಿಯಾವೊ, ಹೆಬ್ಬೆರಳು ತೋರುಬೆರಳ ನಡುವಿನ ಹೆಗು. ಸೂಜಿ ಸರಿಯಾದ ಜಾಗ ಮುಟ್ಟಿದರೆ ನೋವಿನ ಬದಲು ಒಂದು ಬಗೆಯ ಜೋಮು, ಭಾರ ತಿಳಿಯುತ್ತದೆ. ಚೀನೀಯರು ಅದಕ್ಕೆ 'ದೆಚಿ' ಎನ್ನುತ್ತಾರೆ. ಹತ್ತು ನಿಮಿಷದ ಮೇಲೆ ಸೂಜಿಯನ್ನು ಮೆಲ್ಲಗೆ ತಿರುಗಿಸಿ ಆ ಜೋಮನ್ನು ಉಳಿಸಿಕೊಳ್ಳಬೇಕು. ಚೀನೀ ಸಂಪ್ರದಾಯ ಗರ್ಭಿಣಿಯರಿಗೆ ಹೆಗು, ಸಾನ್‌ಯಿನ್‌ಜಿಯಾವೊ ಎರಡೂ ನಿಷಿದ್ಧ ಎನ್ನುತ್ತದೆ. ಹಾಗಾಗಿ ಜರ್ಮನಿಯವರ ಕ್ರಮದಲ್ಲಿದ್ದರೂ ಭ್ರೂಣ ಇಟ್ಟ ಮೇಲೆ ಅವನ್ನು ಬಿಡುವುದೇ ವಾಸಿ.

ಎಡವಟ್ಟಾಗುವುದು ಎಲ್ಲಿ ಎಂದರೆ, ಅವಸರದಲ್ಲಿ. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ತಲೆ ಸುತ್ತುತ್ತದೆ, ಅರ್ಧ ಗಂಟೆ ಮುಂಚೆ ಎರಡು ಇಡ್ಲಿಯಾದರೂ ತಿಂದಿರಬೇಕು. ರಕ್ತ ತೆಳುವಾಗಿಸುವ ಹೆಪಾರಿನ್ ಅಥವಾ ಆಸ್ಪಿರಿನ್ ನಡೆಯುತ್ತಿದ್ದರೆ ಚುಚ್ಚಿದ ಜಾಗ ಕಂದುಗಟ್ಟುತ್ತದೆ. ಇಂಜೆಕ್ಷನ್‌ಗಳಿಂದ ಅಂಡಾಶಯ ಊದಿಕೊಂಡಿರುವಾಗ ಕೆಳಹೊಟ್ಟೆಗೆ ಆಳವಾಗಿ ಸೂಜಿ ಇಳಿಸುವುದು ಸಲ್ಲದು. ಹೆಗಲ ಮೇಲಿನ ಬಿಂದುವಿನಲ್ಲಿ ಆಳ ತಪ್ಪಿದರೆ ಶ್ವಾಸಕೋಶಕ್ಕೇ ತೂತು ಬೀಳಬಹುದು. ಮಹಾರಾಷ್ಟ್ರದಲ್ಲಿ ಅಕ್ಯುಪಂಕ್ಚರ್‌ಗೆ ಪ್ರತ್ಯೇಕ ಕಾಯ್ದೆಯಿದೆ, ಕೌನ್ಸಿಲ್ ಇದೆ. ಸೂಜಿ ಹಿಡಿದವರ ನೋಂದಣಿ ಸಂಖ್ಯೆ ಕೇಳುವುದಕ್ಕೆ ಸಂಕೋಚ ಬೇಡ, ಪ್ಯಾಕೆಟ್ ಕಣ್ಣೆದುರೇ ಒಡೆಯಲಿ.

ಇದು ನಮ್ಮ ಕಡೆಯವರಿಗೆ ತೀರ ಹೊರಗಿನ ವಿದ್ಯೆಯೂ ಅಲ್ಲ. ಕನ್ನಡ ಮಾತಾಡುವವರು ತುಂಬಿರುವ ಸೊಲ್ಲಾಪುರದಲ್ಲಿ ಹುಟ್ಟಿ, ಪರೇಲಿನಲ್ಲಿ ವೈದ್ಯಕೀಯ ಓದಿದ ಡಾ. ದ್ವಾರಕಾನಾಥ ಕೋಟ್ನೀಸ್ 1938ರಲ್ಲಿ ಚೀನಾಕ್ಕೆ ಹೋದ ಭಾರತೀಯ ವೈದ್ಯರ ತಂಡದಲ್ಲಿದ್ದರು. ಅದೇ ತಂಡದ ಡಾ. ಬಿಜಯ್ ಕುಮಾರ್ ಬಸು ಮುಂದೆ ಅಕ್ಯುಪಂಕ್ಚರ್ ಕಲಿತು ಬಂದು ಕಲ್ಕತ್ತೆಯಲ್ಲಿ ನೆಲೆಗೊಳಿಸಿದರು.

ದೊಡ್ಡ ಅಧ್ಯಯನಗಳು ಲಾಭ ಕಾಣಲಿಲ್ಲ ಎಂಬ ಆಕ್ಷೇಪಕ್ಕೆ ಒಂದು ಉತ್ತರವಿದೆ. ಆಸ್ಟ್ರೇಲಿಯಾದ ಪ್ರಸಿದ್ಧ ಪ್ರಯೋಗದಲ್ಲಿ ಸೂಜಿ ಹಾಕಿದ್ದು ಬರೀ ಮೂರು ಸಲ: ಇಂಜೆಕ್ಷನ್ ನಡೆಯುವಾಗ ಒಮ್ಮೆ, ಭ್ರೂಣ ಇಡುವ ದಿನ ಎರಡು ಸಲ. ಮೊಟ್ಟೆ ಪಕ್ವವಾಗಲು ಕಡೆಯ ಹಂತಕ್ಕೇ ಸುಮಾರು ಮೂರು ತಿಂಗಳು ಬೇಕು. ವೀರ್ಯಾಣು ತಯಾರಾಗಲು ಸುಮಾರು 74 ದಿನ. ಮೂರು ಸಿಟ್ಟಿಂಗ್ ಮಾಡಿ ಇದರಿಂದ ಉಪಯೋಗವಿಲ್ಲ ಎನ್ನುವುದು ಎರಡು ದಿನ ನೀರು ಹಾಕಿ ಮಾವು ಬಿಡಲಿಲ್ಲ ಎಂದಂತೆ.

ವಿರೋಧ: ದುಡ್ಡು ಮತ್ತೆ ದುಡಿಯಬಹುದು, ಕಳೆದ ತಿಂಗಳು ಬರುವುದಿಲ್ಲ

ಮೂರು ಸಿಟ್ಟಿಂಗ್ ಸಾಲದು ಎಂಬ ಕೊನೆಯ ಮಾತಿನಿಂದಲೇ ಶುರು ಮಾಡೋಣ. ಹಾಗಾದರೆ ಎಷ್ಟು ಬೇಕು? ಚೀನಾದಲ್ಲೇ, ಆ ವಿದ್ಯೆಯ ತವರಿನಲ್ಲೇ, ಪಿಸಿಓಎಸ್ ಎಂಬ ಅಂಡಾಶಯದ ಹಾರ್ಮೋನ್ ತೊಂದರೆ ಇರುವ 1,000 ಮಹಿಳೆಯರ ಮೇಲೆ ನಡೆದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ವಾರಕ್ಕೆರಡು ಸಲ, ಸಲಕ್ಕೆ 30 ನಿಮಿಷ, 16 ವಾರಗಳವರೆಗೆ. ಮೊಟ್ಟೆ ಬಿಡಿಸುವ ಕ್ಲೋಮಿಫೀನ್ ಮಾತ್ರೆಯ ಜತೆ ನಿಜವಾದ ಅಕ್ಯುಪಂಕ್ಚರ್ ಪಡೆದವರಲ್ಲಿ ಮಗು ಹುಟ್ಟಿದ್ದು ಶೇ. 29.4, ಮಾತ್ರೆಯ ಜತೆ ನಟನೆಯ ಅಕ್ಯುಪಂಕ್ಚರ್ ಪಡೆದವರಲ್ಲಿ ಶೇ. 28. ಮಾತ್ರೆ ಇಲ್ಲದೆ ಬರೀ ಸೂಜಿ ನಂಬಿದವರಲ್ಲಿ ಶೇ. 13.9. ಮಾತ್ರೆಯೂ ಇಲ್ಲ, ನಿಜವಾದ ಸೂಜಿಯೂ ಇಲ್ಲದ ಗುಂಪಿನಲ್ಲೇ ಶೇ. 16.8. ಫಲ ಬಂದದ್ದು ಮಾತ್ರೆಯಿಂದ. ಮಾವಿನ ಗಿಡಕ್ಕೆ ಇಲ್ಲಿ ನೀರು ಧಾರಾಳವಾಗಿಯೇ ಬಿದ್ದಿತ್ತು.

2002ರ ಜರ್ಮನಿಯ ಅಧ್ಯಯನವೇ ಈ ಇಡೀ ವ್ಯಾಪಾರದ ಬುನಾದಿ: 160 ಮಂದಿ, ಸೂಜಿ ಹಾಕಿಸಿಕೊಂಡವರಲ್ಲಿ ಶೇ. 42.5 ಮಂದಿಗೆ ಗರ್ಭ ನಿಂತಿತು, ಉಳಿದವರಲ್ಲಿ ಶೇ. 26.3. ಆದರೆ ಅಲ್ಲಿ ಒಂದು ಗುಂಪಿಗೆ ಆರೈಕೆ ಸಿಕ್ಕಿತು, ಇನ್ನೊಂದು ಗುಂಪು ಸುಮ್ಮನೆ ಮಲಗಿತ್ತು. ಯಾರು ಯಾವ ಗುಂಪು ಎಂಬುದು ರೋಗಿಗೂ ಗೊತ್ತು. ಇದನ್ನು ಸರಿಪಡಿಸಲು ಬಂದದ್ದೇ ಸುಳ್ಳು ಸೂಜಿ. ಅದರ ಮೊನೆ ಮೊಂಡು, ಒತ್ತಿದಾಗ ಸೂಜಿ ತನ್ನ ಹಿಡಿಯೊಳಗೇ ಜಾರುತ್ತದೆ, ಚರ್ಮಕ್ಕೆ ತಾಗಿದಂತಾಗುತ್ತದೆ, ಒಳಗೆ ಇಳಿಯುವುದಿಲ್ಲ. ಈ ಸೂಜಿ ಬಳಸಿ ಹಾಂಗ್‌ಕಾಂಗ್‌ನಲ್ಲಿ 370 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ (2009) ಪ್ರೆಗ್ನೆನ್ಸಿ ಟೆಸ್ಟ್ ಪಾಸಿಟಿವ್ ಬಂದದ್ದು ಸುಳ್ಳು ಸೂಜಿಯವರಿಗೇ ಹೆಚ್ಚು: ಶೇ. 55.1. ನಿಜವಾದ ಸೂಜಿಯವರಿಗೆ ಶೇ. 43.8. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನ 848 ಮಂದಿಯಲ್ಲಿ (2018) ಜೀವಂತ ಹೆರಿಗೆ ನಿಜವಾದ ಸೂಜಿಯವರಲ್ಲಿ ಶೇ. 18.3, ಸುಳ್ಳು ಸೂಜಿಯವರಲ್ಲಿ ಶೇ. 17.8. ಸುಳ್ಳು ಸೂಜಿಯೂ ಕೆಲಸ ಮಾಡುತ್ತದೆ ಎಂದು ಕೆಲವರು ವಾದಿಸುತ್ತಾರೆ. ಹಾಗಿದ್ದಲ್ಲಿ ಬಿಂದು, ಆಳ, ದೆಚಿ ಎಂಬ ಅಷ್ಟು ಶಾಸ್ತ್ರ ಯಾಕೆ ಬೇಕು?

ನೆಮ್ಮದಿ ಸಿಗುತ್ತದೆ ಎಂಬುದನ್ನು ಒಪ್ಪುತ್ತೇವೆ. ನೆಮ್ಮದಿಗೆಂದೇ ಹೇಳಿ ಹಾಕಲಿ, ಭ್ರೂಣ ಕಚ್ಚಿಕೊಳ್ಳುತ್ತದೆ ಎಂದು ಹೇಳಿ ಮಾರಬಾರದು. ಸಿಟ್ಟಿಂಗ್‌ಗೆ 1,000 ರೂಪಾಯಿ ಎಂದು ಹಿಡಿದರೂ ವಾರಕ್ಕೆರಡರಂತೆ ಮೂರು ತಿಂಗಳಿಗೆ 24,000 ಆಯಿತು. ಸಾಲ ಮಾಡಿ ಐವಿಎಫ್‌ಗೆ ಬಂದ ಮನೆಗೆ ಇದು ಸಣ್ಣ ಮೊತ್ತವಲ್ಲ.

ದುಡ್ಡಿಗಿಂತ ಹೆಚ್ಚಿನ ನಷ್ಟ ದಿನದ್ದು. "ಮೊದಲು ಆರು ತಿಂಗಳು ಚೀನೀ ಚಿಕಿತ್ಸೆ ಮಾಡಿ ನೋಡೋಣ" ಎಂದು ಕೂತವರಿಗೆ 37 ವಯಸ್ಸಾಗಿದ್ದರೆ ಆ ಆರು ತಿಂಗಳು ಯಾವ ಸೂಜಿಯಿಂದಲೂ ವಾಪಸು ಬರುವುದಿಲ್ಲ. 35ರೊಳಗಿನವರು ಒಂದು ವರ್ಷ, 35 ದಾಟಿದವರು ಆರು ತಿಂಗಳು ಪ್ರಯತ್ನಿಸಿದರೆ ಸಾಕು, ತಪಾಸಣೆಗೆ ಹೋಗಬೇಕು. ಮೊದಲು ಗಂಡಸಿನ ವೀರ್ಯ ಪರೀಕ್ಷೆ: ಎರಡರಿಂದ ಏಳು ದಿನ ಸಂಯಮದ ನಂತರ ಕೊಟ್ಟ ಮಾದರಿ. ಅಗ್ಗದ ಪರೀಕ್ಷೆ, ಆದರೂ ನಮ್ಮಲ್ಲಿ ಹೆಂಡತಿಗೆ ಹತ್ತು ಟೆಸ್ಟ್ ಆದ ಮೇಲೇ ಗಂಡನ ಸರದಿ. ಇದು ಅನ್ಯಾಯ. ಆಮೇಲೆ ಅಂಡಾಶಯದಲ್ಲಿ ಎಷ್ಟು ಮೊಟ್ಟೆ ಉಳಿದಿವೆ ಎಂದು ಅಂದಾಜಿಸುವ ಎಎಂಎಚ್, ಥೈರಾಯ್ಡ್, ಗರ್ಭನಾಳ ತೆರೆದಿದೆಯೇ ಎಂದು ನೋಡುವ ಎಚ್‌ಎಸ್‌ಜಿ ಎಕ್ಸ್‌ರೇ. ನಮ್ಮ ದೇಶದಲ್ಲಿ ಕ್ಷಯ ಗರ್ಭನಾಳಕ್ಕೆ ತಗಲಿ, ಯಾವ ಲಕ್ಷಣವೂ ಇಲ್ಲದೆ ಅದನ್ನು ಮುಚ್ಚಿಬಿಡುವುದುಂಟು. ಮುಚ್ಚಿದ ನಾಳ ಸೂಜಿಯಿಂದ ತೆರೆಯುವುದಿಲ್ಲ. ನಾಲಗೆ ನೋಡಿ, ನಾಡಿ ಹಿಡಿದು 'ಮೂತ್ರಪಿಂಡದ ಶಕ್ತಿ ಕುಂದಿದೆ' ಎಂದು ಹೇಳುವ ಪದ್ಧತಿಗೆ ಇದು ಕಾಣುವುದೂ ಇಲ್ಲ.

ಸೂಜಿಯಿಂದ ಆಗುವ ಅಪಾಯ ಕಡಿಮೆ, ನಿಜ. ಜತೆಗೆ ಕೊಡುವ ಚೀನೀ ಮೂಲಿಕೆಯ ಪುಡಿ ಪೊಟ್ಟಣಗಳ ಬಗ್ಗೆ ಹಾಗೆ ಹೇಳಲಾಗದು. ಚೀನೀ ಕಷಾಯಗಳಲ್ಲಿ ಆಗಾಗ ಕಾಣುವ 'ದಾಂಗ್ ಗುಯಿ' ಬೇರು ರಕ್ತ ತೆಳುವಾಗಿಸುವ ಮಾತ್ರೆಯ ಜತೆ ಸೇರಿ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ. ಜ್ಯೇಷ್ಠಮಧು ಹೆಚ್ಚು ದಿನ ಹೊಟ್ಟೆಗೆ ಹೋದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಎಲ್ಲಕ್ಕಿಂತ ಭಯಂಕರವಾದದ್ದು ಅದಲುಬದಲು. 1990ರ ಆಸುಪಾಸಿನಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲೆಂದು ಕೊಟ್ಟ ಚೀನೀ ಮೂಲಿಕೆಯಲ್ಲಿ ಒಂದು ಬೇರಿನ ಬದಲು ಹೆಸರು ಹೋಲುವ ಇನ್ನೊಂದು ಬೇರು ಸೇರಿಹೋಯಿತು. ಅದರ ಅರಿಸ್ಟೊಲೋಕಿಕ್ ಆಮ್ಲದಿಂದ ನೂರಕ್ಕೂ ಹೆಚ್ಚು ಹೆಂಗಸರ ಮೂತ್ರಪಿಂಡ ಹಾಳಾಯಿತು, ಕೆಲವರಿಗೆ ಮೂತ್ರನಾಳದ ಕ್ಯಾನ್ಸರೂ ಬಂತು. ಲೇಬಲ್ ಇಲ್ಲದ ಪೊಟ್ಟಣದಲ್ಲಿ ಏನಿದೆ ಎಂಬುದು ಕೊಟ್ಟವರಿಗೇ ಗೊತ್ತಿರದೆ ಇರಬಹುದು.

ಭ್ರೂಣ ಇಡುವ ದಿನದ ಬಗ್ಗೆ ಒಂದು ಮಾತು. ಐವಿಎಫ್ ಸೆಂಟರ್ ಪರೇಲಿನಲ್ಲಿ, ಸೂಜಿಯವರು ಮುಲುಂಡಿನಲ್ಲಿ ಇದ್ದರೆ ಅಂದು ಇತ್ತಿಂದತ್ತ ಟ್ಯಾಕ್ಸಿಯಲ್ಲಿ ಓಡುವುದೇ ಆತಂಕದ ಮೂಲ. ಪಯಣಿಸಿದರೆ ಭ್ರೂಣ ಬಿದ್ದುಹೋಗುವುದಿಲ್ಲ, ಆ ಹೆದರಿಕೆ ಬೇಡ. ಆದರೆ ಟ್ರಾಫಿಕ್‌ನಲ್ಲಿ ಸಿಕ್ಕಿ ಹಾಕಿಕೊಂಡು ಟ್ರಾನ್ಸ್‌ಫರ್ ಸಮಯ ತಪ್ಪಿಸಿಕೊಂಡರೆ ಲ್ಯಾಬಿನವರೂ ಪರದಾಡಬೇಕು. ಅದೇ ಆಸ್ಪತ್ರೆಯಲ್ಲಿ ಸೂಜಿ ಹಾಕುವವರಿದ್ದರೆ, ನೆಮ್ಮದಿ ಅನಿಸಿದರೆ, ಹಾಕಿಸಿಕೊಳ್ಳಲಿ. ಪುಡಿ, ಕಷಾಯ ಏನೇ ನಡೆಯುತ್ತಿದ್ದರೂ ಮುಂದಿನ ಅಪಾಯಿಂಟ್‌ಮೆಂಟಿಗೆ ಪೊಟ್ಟಣ ಸಮೇತ ಹೋಗಿ ಡಾಕ್ಟರ ಮೇಜಿನ ಮೇಲಿಡಬೇಕು. ಬೈಸಿಕೊಳ್ಳಬೇಕಾದೀತೆಂದು ಹೆದರಿ ಮುಚ್ಚಿಟ್ಟರೆ ಹಾರ್ಮೋನ್ ರಿಪೋರ್ಟ್ ಯಾಕೆ ಹೀಗೆ ಬಂತು ಎಂದು ಅವರಿಗೂ ತಿಳಿಯದೆ ಹೋಗಬಹುದು.