ಸೊಂಟ ಹಿಡಿದಾಗ ಸ್ನಾಯು ಸಡಿಲಿಸುವ ಮಾತ್ರೆ ಬೇಕೇ?

ಪರ

ಶಿರಸಿ ಸೀಮೆಯಲ್ಲಿ ಅಡಿಕೆ ಕೊನೆ ಕೊಯ್ಯುವವರಿಗಾಗಲಿ, ಕಾರವಾರದಲ್ಲಿ ಬಲೆ ಎಳೆಯುವವರಿಗಾಗಲಿ ಸೊಂಟ ಹಿಡಿಯುವ ಬಗೆ ಒಂದೇ. ಬೆನ್ನುಮೂಳೆಯ ಪಕ್ಕದ ಸ್ನಾಯು ಹಲಗೆಯಂತೆ ಬಿಗಿಯುತ್ತದೆ. ಮಗ್ಗುಲು ಬದಲಿಸಿದರೂ ಜೀವ ಹೋದಂತಾಗುತ್ತದೆ. ನೋವಿಗೆ ಹೆದರಿ ಅಲುಗದೆ ಮಲಗಿದಷ್ಟೂ ಬಿಗಿತ ಹೆಚ್ಚು. ಅದನ್ನು ಮುರಿಯಲು ಎರಡು-ಮೂರು ರಾತ್ರಿಯ ಮಟ್ಟಿಗೆ ಮಾತ್ರೆ ಬೇಕು. ವೈದ್ಯರು ನೋಡಿ ಟಿಜಾನಿಡಿನ್ 2 ಮಿಲಿಗ್ರಾಂ ಮಲಗುವ ಮುಂಚೆ ಕೊಟ್ಟರೆ ಒಂದೆರಡು ಗಂಟೆಯಲ್ಲಿ ಮದ್ದಿನ ಬಲ ಏರುತ್ತದೆ, ಬೆಳಗಾಗುವಷ್ಟರಲ್ಲಿ ಬಹುಪಾಲು ಇಳಿದಿರುತ್ತದೆ. ನಿದ್ದೆ ಹತ್ತಿದವರು ಮರುದಿನ ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕುತ್ತಾರೆ. ಗುಣ ಮಾಡುವುದು ಆ ನಡಿಗೆ. ಮಾತ್ರೆ ಅದಕ್ಕೆ ದಾರಿ ಬಿಡಿಸುತ್ತದೆ.

ವಿರೋಧ

ಮಾತ್ರೆ ಸೊಂಟವನ್ನು ಹುಡುಕಿಕೊಂಡು ಹೋಗುವುದಿಲ್ಲ. ಅದು ಕೆಲಸ ಮಾಡುವುದು ಮಿದುಳು, ಬೆನ್ನುಹುರಿಗಳಲ್ಲಿ. ಹಾಗಾಗಿ ಇಡೀ ಮೈಗೆ ಮಂಪರು. ಪ್ರಯೋಜನವಾದರೂ ಎಷ್ಟು? 2021ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಬಂದ ವಿಮರ್ಶೆಯ ಪ್ರಕಾರ, ಮೊದಲ ಎರಡು ವಾರದಲ್ಲಿ 100 ಅಂಕದ ಅಳತೆಯಲ್ಲಿ ನೋವು ತಗ್ಗಿದ್ದು ಸುಮಾರು 8 ಅಂಕ.

ಚೀಟಿಯಲ್ಲಿ ‘ರಾತ್ರಿ’ ಎಂದಿದ್ದರೂ ದಿನಗೂಲಿ ಬಿಡಲಾಗದವರು ಬೆಳಿಗ್ಗೆ ನುಂಗಿ ಹೊರಡುತ್ತಾರೆ. ಟಿಜಾನಿಡಿನ್ ರಕ್ತದೊತ್ತಡ ಇಳಿಸುತ್ತದೆ. ಕೂತವರು ಥಟ್ಟನೆ ಎದ್ದರೆ ಕಣ್ಣು ಕತ್ತಲೆ. ಅಡಿಕೆ ಮರದ ತುದಿಯಲ್ಲಿ ಇನ್ನೊಂದು ಮರಕ್ಕೆ ದಾಟುವಾಗ, ದೇವಿಮನೆ ಘಟ್ಟದ ತಿರುವಿನಲ್ಲಿ ಆ ಒಂದು ಕ್ಷಣ ಸಾಕು. ಉರಿಮೂತ್ರಕ್ಕೆಂದು ಸಿಪ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ನಡೆಯುತ್ತಿದ್ದರಂತೂ ಟಿಜಾನಿಡಿನ್ ಮುಟ್ಟಲೇಬಾರದು. ರಕ್ತದಲ್ಲಿ ಟಿಜಾನಿಡಿನ್ ಪ್ರಮಾಣ ಹತ್ತು ಪಟ್ಟು ಏರುತ್ತದೆ.

ಇನ್ನೊಂದು ತಾಪತ್ರಯ ಔಷಧದಂಗಡಿಯವರು ಕತ್ತರಿಸಿ ಕೊಟ್ಟ ಮಾತ್ರೆ ಪಟ್ಟಿ. ನಾಲ್ಕು ಗುಳಿಗೆ ಕೈಗೆ ಬರುತ್ತದೆ, ಹೆಸರು ಅಂಗಡಿಯಲ್ಲೇ ಉಳಿದ ತುಂಡಿನಲ್ಲಿ. ಎಷ್ಟೋ ಗುಳಿಗೆಗಳಲ್ಲಿ ನೋವು ತಗ್ಗಿಸುವ ಪ್ಯಾರಾಸಿಟಮಾಲ್, ಅಸಿಕ್ಲೋಫೆನಾಕ್ ಬೆರೆತಿರುತ್ತವೆ. ಜ್ವರಕ್ಕೆಂದು ಮತ್ತೆ ಪ್ಯಾರಾಸಿಟಮಾಲ್ ನುಂಗಿದರೆ ಯಕೃತ್ತಿಗೆ ಇಮ್ಮಡಿ ಹೊರೆ. ಗುಳಿಗೆ ಥಯೋಕಾಲ್ಚಿಕೋಸೈಡ್ ಎಂಬ ಇನ್ನೊಂದು ಸ್ನಾಯು ಸಡಿಲಿಸುವ ಮದ್ದಾಗಿದ್ದರೆ ಬಸುರಿ-ಬಾಣಂತಿಯರಿಗೆ, 16ರ ಒಳಗಿನವರಿಗೆ ಬೇಡ. ಜೀವಕೋಶದ ವರ್ಣತಂತುಗಳ ಲೆಕ್ಕ ತಪ್ಪಿಸುವ ಅಪಾಯದಿಂದಾಗಿ ಯುರೋಪು 2013ರಲ್ಲೇ ನುಂಗುವ ಮಾತ್ರೆಗೆ 7 ದಿನದ ಮಿತಿ ಹಾಕಿದೆ.

ಬಿಸಿನೀರಿನ ಚೀಲದ ಶಾಖ, ಮೆಲ್ಲನೆ ನಡಿಗೆ ಇಟ್ಟುಕೊಂಡರೆ ಹೆಚ್ಚಿನವರ ನೋವು ಕೆಲವೇ ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ತೊಡೆಯ ಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ, ಕಾಲಿನ ಬಲ ಹೋದರೆ ನರ ಒತ್ತಿದೆ ಎಂದೇ ತಿಳಿದು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.